ರವಿವರ್ಮರದ್ದು ಇಂಗ್ಲಿಷರ ನಕಲಾ? ಬ್ರಿಟಿಷರ ಕಾಲದ ನಮ್ಮ ಚಿತ್ರಗಳನ್ನು ಹೇಗೆ ನೋಡಬೇಕು

ಪ್ರಶ್ನೆ: ಹಿಂದೊಮ್ಮೆ ಮಕ್ಕಳ ಜೊತೆ ಮೈಸೂರಿನ ಜಗನ್ಮೋಹನ ಅರಮನೆಗೆ ಹೋಗಿದ್ದೆ. ರವಿವರ್ಮರ ಚಿತ್ರಗಳನ್ನು ನೋಡಿ ತುಂಬಾ ಖುಷಿಯಾಯಿತು. ಜೊತೆಗಿದ್ದ ಗೆಳೆಯರು ಮಾತ್ರ, "ಇದೆಲ್ಲ ಇಂಗ್ಲಿಷರ ನಕಲು ಕಣ್ರೀ, ನಿಜವಾದ ಭಾರತೀಯ ಚಿತ್ರಕಲೆ ಶುರುವಾಗಿದ್ದು ಬಂಗಾಳದಲ್ಲಿ" ಅಂದರು. ಇದು ನಿಜವಾ ಸರ್? ಬ್ರಿಟಿಷರ ಆಳ್ವಿಕೆಗೆ ನಮ್ಮ ಚಿತ್ರಕಾರರು ಏನಾದರೂ ಉತ್ತರ ಕೊಟ್ಟರಾ? ಇದರಲ್ಲಿ ಕನ್ನಡ ನಾಡಿನ ಪಾಲು ಏನಾದರೂ ಇದೆಯಾ?

ಉತ್ತರ: ನಿಮ್ಮ ಗೆಳೆಯರ ಮಾತು ಹೊಸದೇನಲ್ಲ. ಕಲಾ ವಿಮರ್ಶಕ ಆನಂದ ಕುಮಾರಸ್ವಾಮಿ, ವಿವೇಕಾನಂದರ ಶಿಷ್ಯೆ ಸೋದರಿ ನಿವೇದಿತಾ ಅವರಂಥ ದೊಡ್ಡವರು ನೂರು ವರ್ಷಕ್ಕೂ ಹಿಂದೆಯೇ ಹೆಚ್ಚುಕಮ್ಮಿ ಇದನ್ನೇ ಹೇಳಿದ್ದರು. ಅದರಲ್ಲಿ ಅರ್ಧ ನಿಜವಿದೆ. ಎಣ್ಣೆ ಬಣ್ಣ, ಕ್ಯಾನ್ವಾಸು, ನೆರಳು ಬೆಳಕು ಕೊಟ್ಟು ಮೈ ದುಂಡಗೆ ಕಾಣುವಂತೆ ಮಾಡುವ ವಿದ್ಯೆ, ಎಲ್ಲವೂ ಯುರೋಪಿನಿಂದ ಬಂದದ್ದು. ಹಾಗಂತ ಬಂಗಾಳದ್ದು ಅಪ್ಪಟ ಸ್ವದೇಶಿ ಅಂದರೆ ಅದೂ ಅರ್ಧವೇ ನಿಜ. ಶೈಲಿ ನೋಡಿ ಚಿತ್ರಕ್ಕೆ ದೇಶದ ಚೀಟಿ ಅಂಟಿಸುವುದು ಸುಲಭ. ಆ ಚಿತ್ರಕ್ಕೆ ದುಡ್ಡು ಕೊಟ್ಟವರು ಯಾರು, ಅದು ಯಾರ ಗೋಡೆಯ ಮೇಲಿತ್ತು, ಯಾರು ನೋಡಿದರು ಅಂತ ಕೇಳಿದರೆ ಇನ್ನೂ ಜಾಸ್ತಿ ಗೊತ್ತಾಗುತ್ತದೆ. ನಾನು ಆ ದಾರಿಯಲ್ಲೇ ಹೋಗುತ್ತೇನೆ.

ಕನ್ನಡ ನಾಡಿನ ಪಾಲು ಕೇಳಿದಿರಲ್ಲ, ಅಲ್ಲಿಂದಲೇ ಶುರು ಮಾಡಬಹುದು. ಶ್ರೀರಂಗಪಟ್ಟಣದ ದರಿಯಾ ದೌಲತ್ ನೋಡಿರುತ್ತೀರಿ. 1784ರಲ್ಲಿ ಟಿಪ್ಪು ಕಟ್ಟಿಸಿದ ಬೇಸಿಗೆ ಅರಮನೆ. ಅದರ ಪಶ್ಚಿಮದ ಗೋಡೆಯಲ್ಲಿ ಪೊಳ್ಳಿಲೂರು ಯುದ್ಧದ ಚಿತ್ರವಿದೆ. 1780ರ ಸೆಪ್ಟೆಂಬರ್ 10ರಂದು ಕಾಂಚೀಪುರದ ಹತ್ತಿರ ಹೈದರ್ ಮತ್ತು ಟಿಪ್ಪು ಸೇರಿ ಕರ್ನಲ್ ಬೇಯ್ಲಿಯ ಸೈನ್ಯವನ್ನು ಮಣ್ಣುಮುಕ್ಕಿಸಿದ ಯುದ್ಧ ಅದು. ಹೆಚ್ಚಿನವರು ಈ ಗೋಡೆಯ ಮುಂದೆ ಒಂದು ನಿಮಿಷ ನಿಂತು ಮುಂದೆ ಹೋಗಿಬಿಡುತ್ತಾರೆ. ಸ್ವಲ್ಪ ಹೊತ್ತು ನಿಂತು ನೋಡಬೇಕು. ಕೆಂಪು ಕೋಟಿನ ಸಿಪಾಯಿಗಳು ಚೌಕ ಕಟ್ಟಿಕೊಂಡು ನಿಂತಿದ್ದಾರೆ. ನಡುವೆ ಪಲ್ಲಕ್ಕಿಯಲ್ಲಿ ಗಾಯಗೊಂಡ ಬೇಯ್ಲಿ, ಬೆರಳು ಬಾಯಿಗೆ ಹೋಗಿದೆ. ಅವನ ಹತ್ತಿರವೇ ಮದ್ದಿನ ಗಾಡಿ ಸಿಡಿದು ಬೆಂಕಿ ಎದ್ದಿದೆ. ಟಿಪ್ಪುವಿನ ಕಡೆಯ ಫ್ರೆಂಚ್ ಅಧಿಕಾರಿ ಲಾಲಿ ದುರ್ಬೀನು ಹಿಡಿದು ನೋಡುತ್ತಿದ್ದಾನೆ. ಟಿಪ್ಪು ಮಾತ್ರ ಯಾವ ಅವಸರವೂ ಇಲ್ಲದವನ ಹಾಗೆ ಕೈಯಲ್ಲಿ ಹೂವು ಹಿಡಿದಿದ್ದಾನೆ. ಯುದ್ಧದ ಗಲಾಟೆಯೆಲ್ಲ ಶತ್ರುವಿನ ಕಡೆಗೆ, ನೆಮ್ಮದಿಯೆಲ್ಲ ತನ್ನ ಕಡೆಗೆ. ಈಸ್ಟ್ ಇಂಡಿಯಾ ಕಂಪನಿ ಸರ್ಕಾರಕ್ಕೆ ಒಬ್ಬ ಭಾರತೀಯ ದೊರೆ ಚಿತ್ರದಲ್ಲಿ ಕೊಟ್ಟ ಉತ್ತರಗಳಲ್ಲಿ ಇದಕ್ಕಿಂತ ನೇರವಾದದ್ದು ನನಗೆ ಗೊತ್ತಿಲ್ಲ.

ಮುಂದಿನದು ಇನ್ನೂ ಸ್ವಾರಸ್ಯ. 1799ರಲ್ಲಿ ಪಟ್ಟಣ ಬಿದ್ದ ಮೇಲೆ ದರಿಯಾ ದೌಲತ್‌ನಲ್ಲಿ ವಾಸ ಮಾಡಿದವನು ಆರ್ಥರ್ ವೆಲ್ಲೆಸ್ಲಿ, ಮುಂದೆ ವೆಲ್ಲಿಂಗ್ಟನ್ ಡ್ಯೂಕ್ ಆದವನು. ತನ್ನವರು ಸೋತ ಈ ಚಿತ್ರವನ್ನು ಅವನು ಅಳಿಸಲಿಲ್ಲ, ದುರಸ್ತಿ ಮಾಡಿಸಿದ. ಅದು ಮತ್ತೆ ಹಾಳಾದಾಗ 1850ರ ದಶಕದಲ್ಲಿ ಗವರ್ನರ್ ಜನರಲ್ ಡಾಲ್‌ಹೌಸಿ ಇನ್ನೊಮ್ಮೆ ಬರೆಸಿದ. ನಾವು ಈಗ ನೋಡುತ್ತಿರುವುದು ಹಾಗೆ ಮತ್ತೆ ಬರೆಸಿದ್ದನ್ನೇ. ಗೆದ್ದವರು ತಮ್ಮ ಸೋಲಿನ ಚಿತ್ರವನ್ನು ಯಾಕೆ ಇಷ್ಟು ಜತನ ಮಾಡಿದರು? ಸೋಲಿಸಿದವನು ಎಷ್ಟು ದೊಡ್ಡವನೋ, ಅವನನ್ನು ಮುಗಿಸಿದವರ ಗೆಲುವೂ ಅಷ್ಟೇ ದೊಡ್ಡದಾಗಿ ಕಾಣುತ್ತದೆ, ಅಲ್ವಾ? ಟಿಪ್ಪು ಇದ್ದಾಗ ಎದೆ ಉಬ್ಬಿಸುತ್ತಿದ್ದ ಗೋಡೆ ಈಗ ಗೆದ್ದವರ ಕೈಯಲ್ಲಿ ಇನ್ನೊಂದು ಕಥೆ ಹೇಳತೊಡಗಿತು. ಒಂದೇ ಚಿತ್ರ, ಮನೆಯ ಯಜಮಾನ ಬದಲಾದ, ಅಷ್ಟೇ.

ಇಂಗ್ಲಿಷರೂ ಸುಮ್ನೆ ಕೂರಲಿಲ್ಲ. ಮೂರನೇ ಮೈಸೂರು ಯುದ್ಧದಲ್ಲಿ ರಾಬರ್ಟ್ ಹೋಮ್ ಎಂಬ ಚಿತ್ರಕಾರ ಗವರ್ನರ್ ಜನರಲ್ ಕಾರ್ನ್‌ವಾಲಿಸ್‌ನ ಸೈನ್ಯದ ಜೊತೆಗೇ ಬಂದಿದ್ದ. ಟಿಪ್ಪುವಿನ ಇಬ್ಬರು ಮಕ್ಕಳನ್ನು ಒತ್ತೆಯಾಳಾಗಿ ಒಪ್ಪಿಸಿಕೊಳ್ಳುವ ದೃಶ್ಯವನ್ನು ಬರೆದ. ಅದರಲ್ಲಿ ಕಾರ್ನ್‌ವಾಲಿಸ್ ಮಕ್ಕಳ ಕೈ ಹಿಡಿದ ಹಿರಿಯನ ಹಾಗೆ ಕಾಣುತ್ತಾನೆ. ಒತ್ತೆ ಇಡಿಸಿಕೊಂಡವನೇ ಅಪ್ಪನ ಜಾಗದಲ್ಲಿ! 1800ರಲ್ಲಿ ರಾಬರ್ಟ್ ಕೆರ್ ಪೋರ್ಟರ್ ಲಂಡನ್ನಿನಲ್ಲಿ ಶ್ರೀರಂಗಪಟ್ಟಣದ ಮುತ್ತಿಗೆಯನ್ನು ಸುಮಾರು 120 ಅಡಿ ಉದ್ದದ ಬಟ್ಟೆಯ ಮೇಲೆ ಬರೆದು ಪ್ರದರ್ಶನಕ್ಕಿಟ್ಟ. ಜನ ಟಿಕೆಟ್ ಕೊಂಡು ಹೋಗಿ ನೋಡಿದರು. ನಾಲ್ಕು ದಶಕ ಕಳೆದ ಮೇಲೂ ಆ ಹುಚ್ಚು ಇಳಿದಿರಲಿಲ್ಲ. ಭಾರತಕ್ಕೆ ಕಾಲಿಡದ ಡೇವಿಡ್ ವಿಲ್ಕಿ 1839ರಲ್ಲಿ ಟಿಪ್ಪುವಿನ ಹೆಣ ಸಿಕ್ಕ ರಾತ್ರಿಯನ್ನು ಬರೆದ. ಅದು ಈಗ ಎಡಿನ್‌ಬರೋದಲ್ಲಿದೆ. ಅದರಲ್ಲಿ ಜನರಲ್ ಬೇರ್ಡ್ ಎದೆಯೆತ್ತಿ ನಿಂತಿದ್ದಾನೆ. ಅವನ ಕಾಲ ಬುಡದಲ್ಲಿ ಒಂದು ಕಬ್ಬಿಣದ ಜಾಲರಿ. ಅದು ನೆಲಮಾಳಿಗೆಯ ಸೆರೆಮನೆಯದು. ಇದೇ ಬೇರ್ಡ್ ಪೊಳ್ಳಿಲೂರಿನಲ್ಲಿ ಸೆರೆಸಿಕ್ಕು ಶ್ರೀರಂಗಪಟ್ಟಣದಲ್ಲಿ ವರ್ಷಗಟ್ಟಲೆ ಬಂದಿಯಾಗಿದ್ದವನು. ದರಿಯಾ ದೌಲತ್‌ನ ಗೋಡೆಗೆ ಅಲ್ಲಿಂದ ಬಂದ ಮರುಮಾತು ಈ ಚಿತ್ರ ಅಂತ ಓದಿಕೊಳ್ಳಬಹುದು.

ಈ ನಡುವೆ ನವಾಬರ, ರಾಜರ ಆಸರೆ ತಪ್ಪಿದ ಚಿತ್ರಗಾರರು ಹೊಟ್ಟೆಪಾಡಿಗೆ ಕಂಪನಿ ಅಧಿಕಾರಿಗಳ ಹತ್ತಿರ ಹೋದರು. ಪಟ್ನಾ, ಲಕ್ನೋ, ಮುರ್ಷಿದಾಬಾದ್, ತಂಜಾವೂರು, ಎಲ್ಲ ಕಡೆ ಇದೇ ಕಥೆ. ದೊರೆಗಳಿಗೆ ಬೇಕಾದದ್ದು ಊರಿಗೆ ಕಳಿಸುವ ನೆನಪಿನ ಚಿತ್ರಗಳು: ಅಗಸ, ಕುಂಬಾರ, ಹಾವಾಡಿಗ, ಯಾವ ಜಾತಿಯವರ ಉಡುಪು ಹೇಗೆ, ಯಾವ ಹಕ್ಕಿಯ ರೆಕ್ಕೆ ಎಂಥದ್ದು. ಬರೆಯುವ ಕೈ ನಮ್ಮದು, ನೋಡುವ ಕಣ್ಣು ಅವರದ್ದು. ಇವು ಕೀಳು ಚಿತ್ರಗಳು ಅಂತ ಯಾರಾದರೂ ಅಂದರೆ ಒಪ್ಪಬೇಡಿ. ಕಲಕತ್ತದಲ್ಲಿ ಮುಖ್ಯ ನ್ಯಾಯಾಧೀಶನ ಹೆಂಡತಿ ಲೇಡಿ ಇಂಪೆಗೆ ಶೇಖ್ ಜೈನುದ್ದೀನ್ ಬರೆದುಕೊಟ್ಟ ಹಕ್ಕಿಗಳನ್ನು ನೋಡಿದರೆ ಸಾಕು, ಮೊಘಲ್ ಕುಸುರಿ ಎಲ್ಲೂ ಸತ್ತಿರಲಿಲ್ಲ ಅಂತ ಗೊತ್ತಾಗುತ್ತದೆ.

ಈಗ ನಿಮ್ಮ ರವಿವರ್ಮರಿಗೆ ಬರೋಣ. 1848ರಲ್ಲಿ ತಿರುವಾಂಕೂರಿನ ಕಿಳಿಮಾನೂರಿನಲ್ಲಿ ಹುಟ್ಟಿದವರು. ಯಾವ ಕಲಾಶಾಲೆಗೂ ಹೋದವರಲ್ಲ. ತಿರುವನಂತಪುರದ ಅರಮನೆಗೆ ಥಿಯೋಡರ್ ಜೆನ್ಸನ್ ಎಂಬ ಚಿತ್ರಕಾರ ಬಂದಾಗ, ಅವನು ಬರೆಯುವುದನ್ನು ನೋಡಲು ಹುಡುಗನಿಗೆ ಅವಕಾಶ ಸಿಕ್ಕಿತೇ ಹೊರತು ಪಾಠ ಸಿಗಲಿಲ್ಲ. ನೋಡಿ ನೋಡಿ, ಕೆಡಿಸಿ ಕೆಡಿಸಿ ಕಲಿತರು. 1873ರಲ್ಲಿ ಮದ್ರಾಸಿನ ಪ್ರದರ್ಶನದಲ್ಲಿ ಚಿನ್ನದ ಪದಕ, ಅದೇ ವರ್ಷ ವಿಯೆನ್ನಾದಲ್ಲೂ ಬಹುಮಾನ. ಮದ್ರಾಸ್ ಗವರ್ನರ್ ಬಕಿಂಗ್‌ಹ್ಯಾಮ್ ಡ್ಯೂಕ್‌ನ ಚಿತ್ರ ಬರೆದರು. 1904ರಲ್ಲಿ ಸರ್ಕಾರದಿಂದ ಕೈಸರ್-ಇ-ಹಿಂದ್ ಪದಕ ಬಂತು. ಇಷ್ಟೇ ನೋಡಿದರೆ ನಿಮ್ಮ ಗೆಳೆಯರ ಮಾತು ಸರಿ ಅನಿಸುತ್ತದೆ: ದೊರೆಗಳ ಮೆಚ್ಚಿನ ಚಿತ್ರಕಾರ.

ಆದರೆ ನೀವು ಜಗನ್ಮೋಹನ ಅರಮನೆಯಲ್ಲಿ ನೋಡಿರಬಹುದಾದ ಒಂದು ಚಿತ್ರವನ್ನು ನೆನಪು ಮಾಡಿಕೊಳ್ಳಿ. ಹನ್ನೊಂದು ಜನ ಹೆಂಗಸರು ಗುಂಪಾಗಿ ಕೂತು, ನಿಂತು, ಸಂಗೀತದ ಗೋಷ್ಠಿ ನಡೆಸಿದ್ದಾರೆ. 1889ರ ಸುಮಾರಿನ ಚಿತ್ರ. ಮುಂದೆ ವೀಣೆ ಹಿಡಿದ ನಾಯರ್ ಹೆಂಗಸು. ಕಚ್ಚೆ ಸೀರೆಯ ಮರಾಠಿ ಹೆಣ್ಣುಮಗಳು, ಮುಸ್ಲಿಂ ಹೆಂಗಸು, ಪಾರ್ಸಿ ಹೆಂಗಸು, ಹಿಂದೆ ಯುರೋಪಿನ ಉಡುಪಿನವಳು ಕೂಡ ಇದ್ದಾಳೆ. ಒಬ್ಬೊಬ್ಬರ ಬಟ್ಟೆ, ಒಡವೆ, ತಲೆ ಬಾಚಿದ ರೀತಿ ಬೇರೆ ಬೇರೆ. ಕಂಪನಿ ಕಾಲದ ಜಾತಿವಾರು ಚಿತ್ರಗಳಲ್ಲಿ ಇದೇ ಜನ ಒಂದೊಂದು ಹಾಳೆಯಲ್ಲಿ ಒಂಟಿಯಾಗಿ, ಮಾದರಿಯ ಹಾಗೆ ನಿಂತಿರುತ್ತಿದ್ದರು. ರವಿವರ್ಮ ಅವರನ್ನೆಲ್ಲ ಒಂದೇ ಹಜಾರಕ್ಕೆ ಕರೆದು ಕೂರಿಸಿದರು. ಕಾಂಗ್ರೆಸ್ ಹುಟ್ಟಿ ಆಗಿನ್ನೂ ನಾಲ್ಕು ವರ್ಷ. ಈ ದೇಶ ಒಟ್ಟಿಗೆ ಕೂತರೆ ಹೇಗಿರುತ್ತದೆ ಅನ್ನುವುದಕ್ಕೆ ಕಣ್ಣಿಗೆ ಕಾಣುವ ಒಂದು ರೂಪ ಇಲ್ಲಿದೆ. ಚಿತ್ರದಲ್ಲಿ ಒಂದು ಊನವೂ ಇದೆ. ಈ ಹೆಂಗಸರು ಒಬ್ಬರ ಮುಖ ಒಬ್ಬರು ನೋಡುತ್ತಿಲ್ಲ. ಸ್ಟುಡಿಯೋದಲ್ಲಿ ಫೋಟೋಕ್ಕೆ ಕೂತವರ ಹಾಗೆ ಎಲ್ಲರೂ ತಮ್ಮ ತಮ್ಮ ಯೋಚನೆಯಲ್ಲಿದ್ದಾರೆ. ನನಗೆ ಆ ಊನವೇ ಚಿತ್ರದ ಪ್ರಾಮಾಣಿಕ ಭಾಗ ಅನಿಸುತ್ತದೆ.

ಅರಮನೆಯ ಗೋಡೆಯ ಮೇಲಿನ ಚಿತ್ರ ಎಷ್ಟು ಜನಕ್ಕೆ ಕಂಡೀತು? ರವಿವರ್ಮರನ್ನು ನಿಜವಾಗಿ ದೇಶಕ್ಕೆ ತಲುಪಿಸಿದ್ದು ಅಚ್ಚು. ತಿರುವಾಂಕೂರು, ಬರೋಡಗಳಲ್ಲಿ ದಿವಾನರಾಗಿದ್ದ ಟಿ. ಮಾಧವರಾವ್ ಅವರು, ನಿಮ್ಮ ಚಿತ್ರಗಳನ್ನು ಅಚ್ಚು ಹಾಕಿಸಿ ಅಂತ ಸಲಹೆ ಕೊಟ್ಟಿದ್ದರು. 1894ರಲ್ಲಿ ಮುಂಬಯಿಯಲ್ಲಿ ರವಿವರ್ಮರ ಕಲ್ಲಚ್ಚಿನ ಪ್ರೆಸ್ ಶುರುವಾಯಿತು. ಯಂತ್ರ ಜರ್ಮನಿಯದು, ಕೆಲಸ ನೋಡಿಕೊಂಡವರೂ ಜರ್ಮನಿಯವರು. ಕೊನೆಗೆ ಸಾಲ ಜಾಸ್ತಿಯಾಗಿ ಪ್ರೆಸ್ಸನ್ನು ಫ್ರಿಟ್ಜ್ ಶ್ಲೈಷರ್ ಎಂಬ ಜರ್ಮನ್‌ಗೇ ಮಾರಬೇಕಾಯಿತು. ಆದರೆ ಅಲ್ಲಿಂದ ಹೊರಟ ಲಕ್ಷ್ಮಿ, ಸರಸ್ವತಿಯರು ನಮ್ಮ ದೇವರ ಮನೆಗಳಿಗೆ, ದಿನಸಿ ಅಂಗಡಿಗಳ ಗಲ್ಲಾಪೆಟ್ಟಿಗೆಯ ಮೇಲಕ್ಕೆ ಬಂದು ಕೂತರು. ಇವತ್ತಿಗೂ ಅಲ್ಲೇ ಇದ್ದಾರೆ. ದೇವಸ್ಥಾನದ ಒಳಗೆ ಬಿಟ್ಟುಕೊಳ್ಳದ ಜನರ ಮನೆಗೂ ದೇವರು ಬಂದದ್ದು ಈ ಹಾಳೆಗಳ ಮೇಲೆಯೇ. ಮಲಯಾಳಿ, ಮರಾಠಿ, ಕನ್ನಡಿಗ, ಗುಜರಾತಿ, ಎಲ್ಲರ ಮನೆಯಲ್ಲೂ ಒಂದೇ ಮುಖದ ಸರಸ್ವತಿ. ದೇಶ ಒಂದು ಅನ್ನುವ ಭಾವನೆಗೆ ಭಾಷಣಗಳು ಎಷ್ಟು ಕಾರಣವೋ ಈ ಅಗ್ಗದ ಬಣ್ಣದ ಹಾಳೆಗಳೂ ಅಷ್ಟೇ ಕಾರಣ ಅಂತ ನಾನು ನಂಬಿದ್ದೇನೆ.

ಪುರಾಣದ ಚಿತ್ರ ಅಂದರೆ ಸರ್ಕಾರಕ್ಕೂ ಅನುಮಾನ ಕಮ್ಮಿ. ಜನ ಮಾತ್ರ ಅದರೊಳಗೆ ಬೇರೆ ಅರ್ಥ ಓದುತ್ತಿದ್ದರು. ಕೀಚಕ ಮತ್ತು ಸೈರಂಧ್ರಿಯ ಪ್ರಸಂಗವನ್ನು ರವಿವರ್ಮ ಬರೆದಿದ್ದರು. ಅದೇ ಪ್ರಸಂಗವನ್ನು ಕೃ. ಪ್ರ. ಖಾಡಿಲ್ಕರ್ 1907ರಲ್ಲಿ ಮರಾಠಿ ನಾಟಕ ಮಾಡಿದಾಗ, ನೋಡುಗರು ಕೀಚಕ ಅಂದರೆ ವೈಸ್‌ರಾಯ್ ಆಗಿದ್ದ ಕರ್ಜನ್, ದ್ರೌಪದಿ ಅಂದರೆ ದೇಶ ಅಂತ ಸಲೀಸಾಗಿ ಅರ್ಥ ಮಾಡಿಕೊಂಡರು. ಸರ್ಕಾರ 1910ರಲ್ಲಿ ಆ ನಾಟಕವನ್ನು ನಿಷೇಧಿಸಿತು. ಪುಣೆಯ ಚಿತ್ರಶಾಳಾ ಪ್ರೆಸ್ ಶಿವಾಜಿ, ನಾನಾ ಫಡ್ನವೀಸರ ಚಿತ್ರಗಳನ್ನು ಮನೆಮನೆಗೆ ಹಂಚುತ್ತಿದ್ದ ಕಾಲ ಅದು.

ಇನ್ನು ಬಂಗಾಳ. ಇಲ್ಲಿ ನಿಮ್ಮ ಗೆಳೆಯರಿಗೆ ಸ್ವಲ್ಪ ಆಶ್ಚರ್ಯ ಆಗಬಹುದು. 'ಭಾರತೀಯರು ಭಾರತೀಯ ಶೈಲಿಯಲ್ಲೇ ಬರೆಯಬೇಕು' ಅಂತ ಹಟ ಹಿಡಿದವರಲ್ಲಿ ಮುಂದೆ ನಿಂತವನು ಒಬ್ಬ ಇಂಗ್ಲಿಷ್ ಅಧಿಕಾರಿ. ಇ. ಬಿ. ಹ್ಯಾವೆಲ್, 1896ರಲ್ಲಿ ಕಲಕತ್ತದ ಸರ್ಕಾರಿ ಕಲಾಶಾಲೆಯ ಮುಖ್ಯಸ್ಥನಾಗಿ ಬಂದ. ಗ್ರೀಕ್ ಪ್ರತಿಮೆಗಳನ್ನು ನೋಡಿ ತಿದ್ದುವ ಪಾಠ ನಿಲ್ಲಿಸಿದ. ಗ್ಯಾಲರಿಯಲ್ಲಿದ್ದ ಯುರೋಪಿನ ಚಿತ್ರಗಳನ್ನು ಮಾರಿ ಮೊಘಲ್ ಚಿತ್ರಗಳನ್ನು ತರಿಸಿದ. ಆಗ ಸಿಟ್ಟಿಗೆದ್ದವರು ಯಾರು ಗೊತ್ತಾ? ಬಂಗಾಳಿ ವಿದ್ಯಾರ್ಥಿಗಳು, ಬಂಗಾಳಿ ಪತ್ರಿಕೆಗಳು. ಹುಡುಗರು ಶಾಲೆ ಬಿಟ್ಟು ಹೊರಬಂದು, 1897ರಲ್ಲಿ ತಮ್ಮದೇ ಜ್ಯೂಬಿಲಿ ಅಕಾಡೆಮಿ ಶುರುಮಾಡಿದರು. ಅವರ ಸಿಟ್ಟಿಗೂ ಕಾರಣ ಇತ್ತು. ದೊರೆಗಳು ದೊಡ್ಡ ವಿದ್ಯೆಯನ್ನು ತಮಗೇ ಇಟ್ಟುಕೊಂಡು ನಮ್ಮನ್ನು ಕುಶಲಕರ್ಮಿಗಳ ಮಟ್ಟದಲ್ಲೇ ಕೂರಿಸುತ್ತಿದ್ದಾರೆ ಅಂತ ಅವರಿಗೆ ಅನಿಸಿತು. ಈ ಕಲಾಶಾಲೆಗಳು ಹುಟ್ಟಿದ್ದೇ ನಕ್ಷೆಗಾರರನ್ನು, ಕುಸುರಿ ಕೆಲಸದವರನ್ನು ತಯಾರು ಮಾಡಲು ಅನ್ನುವುದನ್ನು ನೆನಪಿಟ್ಟರೆ ಅವರ ಅನುಮಾನ ಪೂರ್ತಿ ತಪ್ಪೂ ಅಲ್ಲ.

ಹ್ಯಾವೆಲ್‌ಗೆ ಸಿಕ್ಕ ದೊಡ್ಡ ಜೊತೆಗಾರ ಅವನೀಂದ್ರನಾಥ ಠಾಕೂರ್, ರವೀಂದ್ರರ ಚಿಕ್ಕಪ್ಪನ ಮೊಮ್ಮಗ. ಅವರು ಮೊದಲು ಕಲಿತದ್ದು ಗಿಲಾರ್ಡಿ ಎಂಬ ಇಟಲಿಯವನಿಂದ, ಪಾಮರ್ ಎಂಬ ಇಂಗ್ಲಿಷಿನವನಿಂದ. ಆಮೇಲೆ ಮೊಘಲ್ ಚಿತ್ರಗಳ ಕಡೆ ತಿರುಗಿದರು. ಸಾಯುತ್ತಿರುವ ಷಹಜಹಾನ್ ದೂರದ ತಾಜಮಹಲನ್ನು ನೋಡುತ್ತಿರುವ ಅವರ ಹೆಸರಾಂತ ಚಿತ್ರವಿದೆಯಲ್ಲ, ಅದು ಬರೆದದ್ದು ಎಣ್ಣೆ ಬಣ್ಣದಲ್ಲಿ. ಅದಕ್ಕೆ ಪದಕ ಸಿಕ್ಕಿದ್ದು ಕರ್ಜನ್ ನಡೆಸಿದ ದೆಹಲಿ ದರ್ಬಾರಿನ ಪ್ರದರ್ಶನದಲ್ಲಿ! 1903ರ ಹೊತ್ತಿಗೆ ಜಪಾನಿನಿಂದ ತೈಕಾನ್, ಹಿಶಿದಾ ಎಂಬ ಚಿತ್ರಕಾರರು ಕಲಕತ್ತಕ್ಕೆ ಬಂದರು. ಅವರ ಕೈಚಳಕ ನೋಡಿ ಅವನೀಂದ್ರರು ತಮ್ಮದೇ ವಾಶ್ ಪದ್ಧತಿ ಕಂಡುಕೊಂಡರು. ಜಲವರ್ಣದ ಚಿತ್ರವನ್ನು ಹಾಳೆ ಸಮೇತ ನೀರಿನಲ್ಲಿ ಅದ್ದುವುದು, ಒಣಗಿಸುವುದು, ಮತ್ತೆ ಬಣ್ಣ ಹಾಕುವುದು, ಮತ್ತೆ ಅದ್ದುವುದು. ಹೀಗೆ ಮಾಡಿದಾಗ ಬಣ್ಣ ಹಾಳೆಯೊಳಗೆ ಇಳಿದು, ಎಲ್ಲವೂ ಮಂಜಿನ ಹಿಂದೆ ಇದ್ದಂತೆ ಕಾಣುತ್ತದೆ.

1905ರಲ್ಲಿ ಕರ್ಜನ್ ಬಂಗಾಳವನ್ನು ಒಡೆದ. ಆ ಹೊತ್ತಿನಲ್ಲಿ ಹುಟ್ಟಿದ್ದು ಅವನೀಂದ್ರರ ಭಾರತಮಾತೆ. ಕಾವಿ ಬಟ್ಟೆಯ, ನಾಲ್ಕು ಕೈಗಳ ತೆಳ್ಳನೆಯ ಹೆಣ್ಣು. ಕೈಯಲ್ಲಿ ಆಯುಧ ಇಲ್ಲ. ಭತ್ತದ ತೆನೆ, ಬಿಳಿ ಬಟ್ಟೆ, ಪುಸ್ತಕ, ಜಪಮಾಲೆ: ಅಂದರೆ ಅನ್ನ, ವಸ್ತ್ರ, ಶಿಕ್ಷಣ, ದೀಕ್ಷೆ. ಇದು ಸಣ್ಣ ಜಲವರ್ಣ ಚಿತ್ರ. ನಿವೇದಿತಾ ಇದನ್ನು ಬಾಯ್ತುಂಬ ಹೊಗಳಿ, ಸಾಧ್ಯವಾದರೆ ಸಾವಿರಾರು ಪ್ರತಿ ಅಚ್ಚು ಹಾಕಿಸಿ ದೇಶದ ತುಂಬ ಹಂಚಬೇಕು ಅಂತ ಆಸೆಪಟ್ಟರು. ಅಲ್ಲಿಗೆ ಅವರಿಗೂ ಬೇಕಾದದ್ದು ರವಿವರ್ಮ ಹಿಡಿದಿದ್ದ ಅಚ್ಚಿನ ದಾರಿಯೇ. ಆದರೆ ಮುಂದೆ ಕ್ಯಾಲೆಂಡರುಗಳಲ್ಲಿ, ಬೀದಿಯ ಮೆರವಣಿಗೆಗಳಲ್ಲಿ ಬಂದ ಭಾರತಮಾತೆಯರು ಈ ತಪಸ್ವಿನಿಯ ಹಾಗಿಲ್ಲ. ಒಡವೆ, ಸೀರೆ, ತುಂಬಿದ ಮೈ, ಪಕ್ಕದಲ್ಲಿ ಸಿಂಹ. ಮೈಕಟ್ಟಿನಲ್ಲಿ ಅವರು ರವಿವರ್ಮರ ಲಕ್ಷ್ಮಿಯ ತಂಗಿಯರು. ವಿಮರ್ಶಕರ ಮಾತಿನಲ್ಲಿ ಅವನೀಂದ್ರರು ಗೆದ್ದರು, ಗೋಡೆಯ ಮೊಳೆಯ ಮೇಲೆ ರವಿವರ್ಮ ಗೆದ್ದರು.

ಇನ್ನೊಂದು ವಿಷಯ ಹೇಳಿಬಿಡುತ್ತೇನೆ. ಈ ಸ್ವದೇಶಿ ಶೈಲಿಗೆ ಬೆನ್ನೆಲುಬಾದ ಓರಿಯೆಂಟಲ್ ಆರ್ಟ್ ಸೊಸೈಟಿ 1907ರಲ್ಲಿ ಶುರುವಾದಾಗ ಅದರ ಸದಸ್ಯರಲ್ಲಿ ಹೆಚ್ಚಿನವರು ಯುರೋಪಿಯನ್ನರು. ಹೈಕೋರ್ಟ್ ನ್ಯಾಯಮೂರ್ತಿ ಜಾನ್ ವುಡ್‌ರೋಫ್ ಅಂಥವರು. ಅದೇ ಕಾಲದ ಲಂಡನ್ನಿನಲ್ಲಿ, 1910ರಲ್ಲಿ, ಜಾರ್ಜ್ ಬರ್ಡ್‌ವುಡ್ ಎಂಬಾತ ಭಾರತದಲ್ಲಿ ಲಲಿತಕಲೆ ಅನ್ನುವುದೇ ಇಲ್ಲ ಎಂದು ವಾದಿಸಿ, ಧ್ಯಾನದ ಬುದ್ಧನ ಮೂರ್ತಿಯನ್ನು ಬೇಯಿಸಿದ ಕಡುಬಿಗೆ ಹೋಲಿಸಿದ. ಅದಕ್ಕೆ ತಿರುಗಿ ಬಿದ್ದು ಪತ್ರಿಕೆಗೆ ಬರೆದವರೂ ಇಂಗ್ಲಿಷ್ ಕಲಾವಿದರೇ. ಇತ್ತ ಭಾರತಕ್ಕೆ ಅಧ್ಯಾತ್ಮ, ಅತ್ತ ಯುರೋಪಿಗೆ ಯಂತ್ರ ಅಂತ ಹಂಚಿಕೆ ಮಾಡಿದ ಮೇಲೆ ನಮ್ಮ ಕಲೆಯನ್ನು ಮೆಚ್ಚುವುದರಲ್ಲಿ ಆಳುವವರಿಗೆ ಕಷ್ಟವೇನೂ ಇರಲಿಲ್ಲ. ಇದು ಸ್ವಲ್ಪ ಖಾರದ ಮಾತು, ಗೊತ್ತು. ಆದರೂ ಹೇಳಲೇಬೇಕು.

ಈ ಗಂಟು ಬಿಚ್ಚಿದವರು ಅವನೀಂದ್ರರ ಶಿಷ್ಯ ನಂದಲಾಲ್ ಬೋಸ್. 1938ರಲ್ಲಿ ಗುಜರಾತಿನ ಹರಿಪುರದಲ್ಲಿ ಕಾಂಗ್ರೆಸ್ ಅಧಿವೇಶನ. ಗಾಂಧೀಜಿ ಕೇಳಿಕೊಂಡಿದ್ದಕ್ಕೆ ಅವರು ತಂಡ ಕಟ್ಟಿಕೊಂಡು ಸುಮಾರು 400 ಚಿತ್ರಗಳನ್ನು ಮಾಡಿಸಿದರು. ಅವುಗಳಲ್ಲಿ 80ಕ್ಕೂ ಹೆಚ್ಚು ಅವರ ಕೈಯದ್ದೇ. ಕೈಯಿಂದ ಮಾಡಿದ ಕಾಗದ, ಮಣ್ಣಿನ ಬಣ್ಣ, ದಪ್ಪ ಬ್ರಷ್ಷು, ಬಿರುಸಾದ ಗೆರೆ. ಡೋಲು ಬಾರಿಸುವವನು, ಅಡುಗೆ ಮಾಡುವವಳು, ಹೊಲ ಉಳುವವನು. ಕಂಪನಿ ಕಾಲದ ದೊರೆಗಳು ಕೊಳ್ಳುತ್ತಿದ್ದುದೂ ಇದೇ ಕಸುಬಿನ ಜನರ ಚಿತ್ರಗಳನ್ನೇ. ಆದರೆ ಇಲ್ಲಿ ಅವು ಇದ್ದದ್ದು ಹಳ್ಳಿಯ ದಾರಿಯ ಚಪ್ಪರಗಳ ಮೇಲೆ. ನೋಡಿದವರು ಅದೇ ಡೋಲಿನವರು, ಅದೇ ಉಳುವವರು.

ಅಷ್ಟಾದರೂ, ಸರ್ಕಾರಕ್ಕೆ ನಿಜವಾಗಿ ಉರಿ ಹತ್ತಿಸಿದ್ದು ದೇವಿಯೂ ಅಲ್ಲ, ಹಳ್ಳಿಯೂ ಅಲ್ಲ. 1943ರ ಬಂಗಾಳದ ಕ್ಷಾಮದಲ್ಲಿ ಚಿತ್ತಪ್ರಸಾದ್ ಎಂಬ ಚಿತ್ರಕಾರರು ಮಿದ್ನಾಪುರದ ಊರುಗಳಲ್ಲಿ ನಡೆದು, ಹಸಿದು ಸಾಯುತ್ತಿದ್ದವರನ್ನು ಇಂಡಿಯನ್ ಇಂಕಿನಲ್ಲಿ ಬರೆದರು. ಅದನ್ನು ಕಿರುಪುಸ್ತಕ ಮಾಡಿದಾಗ ಸರ್ಕಾರ 5000 ಪ್ರತಿಗಳನ್ನು ಹಿಡಿದು ಸುಟ್ಟಿತು. ಭಾರತಮಾತೆಯ ಚಿತ್ರದ ಜೊತೆ ಬಾಳ್ವೆ ಮಾಡಬಲ್ಲ ಸರ್ಕಾರಕ್ಕೆ, ಸತ್ತವರ ಚಿತ್ರವನ್ನು ತಡೆದುಕೊಳ್ಳಲು ಆಗಲಿಲ್ಲ.

ಕೊನೆಗೆ ನಮ್ಮ ಮೈಸೂರಿನ ಕೆ. ವೆಂಕಟಪ್ಪನವರು. ನಿಮ್ಮ ಪ್ರಶ್ನೆಗೆ ಇವರಷ್ಟು ಹೊಂದುವವರು ಇನ್ನೊಬ್ಬರಿಲ್ಲ. 1886ರಲ್ಲಿ ಚಿತ್ರಗಾರರ ಮನೆತನದಲ್ಲಿ ಹುಟ್ಟಿದರು. ನಾಲ್ವಡಿ ಕೃಷ್ಣರಾಜ ಒಡೆಯರು ಇವರನ್ನು 1909ರಲ್ಲಿ ಕಲಕತ್ತಕ್ಕೆ, ಅವನೀಂದ್ರರ ಹತ್ತಿರ ಕಲಿಯಲು ಕಳಿಸಿದರು. ಅದಕ್ಕೆ ಕೆಲವೇ ವರ್ಷ ಮೊದಲು ರವಿವರ್ಮರಿಂದ ಪುರಾಣದ ಚಿತ್ರಗಳನ್ನು ಬರೆಸಿಕೊಂಡವರೂ ಇದೇ ಮಹಾರಾಜರೇ. ಅಂದರೆ ಕಲಕತ್ತದಲ್ಲಿ ಒಂದಕ್ಕೊಂದು ಆಗದ ಎರಡು ದಾರಿಗಳಿಗೂ ಮೈಸೂರಿನಲ್ಲಿ ಒಂದೇ ಬೊಕ್ಕಸದಿಂದ ದುಡ್ಡು ಹೋಯಿತು. ರವಿವರ್ಮನಾ ಅವನೀಂದ್ರನಾ ಅನ್ನುವ ಜಗಳ ಮೈಸೂರಿನವರಿಗೆ ಅಷ್ಟಾಗಿ ತಟ್ಟಲಿಲ್ಲ.

ವೆಂಕಟಪ್ಪ ಕಲಕತ್ತದಲ್ಲಿ ರಾಮಾಯಣದ ಚಿತ್ರಗಳನ್ನು ಬರೆದು ಹೆಸರು ಮಾಡಿದರು. ಊರಿಗೆ ಮರಳಿದ ಮೇಲೆ ವೀಣೆ ಶೇಷಣ್ಣನವರ ಹತ್ತಿರ ವೀಣೆ ಕಲಿತರು, ಅರಮನೆಗೆ ಪ್ಲಾಸ್ಟರಿನ ಉಬ್ಬುಚಿತ್ರಗಳನ್ನು ಮಾಡಿದರು. ಆದರೆ ಅವರ ನಿಜವಾದ ಸಾಧನೆ 1920ರ ದಶಕದ ಊಟಿ, ಕೊಡೈಕೆನಾಲ್‌ಗಳ ಜಲವರ್ಣ ಚಿತ್ರಗಳು. ಊಟಿ ಆಗ ಮದ್ರಾಸ್ ಸರ್ಕಾರದ ಬೇಸಿಗೆ ರಾಜಧಾನಿ. ದೊರೆಗಳು ತಮ್ಮ ಊರಿನ ಚಳಿಯನ್ನು ನೆನೆಸಿಕೊಳ್ಳಲು ಕಟ್ಟಿಕೊಂಡ ಜಾಗ. ಇಂಥ ಬೆಟ್ಟಗಳನ್ನು ಬಿಡುವಿನಲ್ಲಿ ಬರೆಯುವುದು ಅವರ ಹವ್ಯಾಸವೂ ಆಗಿತ್ತು. ಅಲ್ಲಿಗೆ ಹೋಗಿ ವೆಂಕಟಪ್ಪ ಮಂಜು, ಮೋಡ, ಬೆಳದಿಂಗಳು, ಇಳಿಜಾರು ಇಷ್ಟನ್ನೇ ಬರೆದರು. ಗುರುಗಳ ಮನೆಯ ಕನಸಿನ ಮಬ್ಬು ಇಲ್ಲಿಲ್ಲ. ಇದು ಕಣ್ಣಾರೆ ಕಂಡ ಮಂಜು. ಯಾವ ಹೊತ್ತಿನ ಬೆಳಕು ಅಂತ ಹೇಳಬಹುದು, ಅಷ್ಟು ಕರಾರುವಾಕ್ಕು. ದೇವಿ, ಪುರಾಣ, ದೇಶ ಯಾವುದರ ಹಂಗೂ ಇಲ್ಲ. ಭಾರತೀಯನಾದವನು ಭಾರತೀಯನ ಹಾಗೆಯೇ ಬರೆಯಬೇಕು ಅನ್ನುವ ಒತ್ತಡ ಹ್ಯಾವೆಲ್ ಕಡೆಯಿಂದಲೂ ಇತ್ತು, ರಾಷ್ಟ್ರೀಯವಾದಿಗಳ ಕಡೆಯಿಂದಲೂ ಇತ್ತು. ಎರಡನ್ನೂ ಪಕ್ಕಕ್ಕಿಟ್ಟು ಕಣ್ಣಿಗೆ ಕಂಡದ್ದನ್ನು ಬರೆಯುವುದು ಕೂಡ ಒಂದು ಸ್ವಾತಂತ್ರ್ಯವೇ ಅಂತ ನನಗೆ ಅನಿಸುತ್ತದೆ. ಇದು ತಪ್ಪಿಸಿಕೊಳ್ಳುವ ದಾರಿ ಅನ್ನುವವರೂ ಇದ್ದಾರೆ. ಚಿತ್ರಗಳ ಮುಂದೆ ನಿಂತು ನೀವೇ ತೀರ್ಮಾನ ಮಾಡಿ.

1940ರಲ್ಲಿ ನಾಲ್ವಡಿಯವರು ತೀರಿಕೊಂಡ ಮೇಲೆ ವೆಂಕಟಪ್ಪ ಮೈಸೂರು ಬಿಟ್ಟು ಬೆಂಗಳೂರಿಗೆ ಬಂದರು. 1965ರಲ್ಲಿ ತೀರಿಕೊಂಡರು. ಅವರ ಹೆಸರಿನ ಚಿತ್ರಶಾಲೆ ಕಸ್ತೂರ್ಬಾ ರಸ್ತೆಯಲ್ಲಿ, ಕಬ್ಬನ್ ಪಾರ್ಕಿನ ಮಗ್ಗುಲಲ್ಲಿ, ಸರ್ಕಾರಿ ವಸ್ತುಸಂಗ್ರಹಾಲಯದ ಪಕ್ಕದಲ್ಲೇ ಇದೆ. ಊಟಿಯ ಚಿತ್ರಗಳನ್ನು ಮಕ್ಕಳಿಗೆ ತೋರಿಸಿ, ಗೆಳೆಯರನ್ನೂ ಕರೆದುಕೊಂಡು ಹೋಗಿ. ಹೊರಡುವ ಮುಂಚೆ ತೆರೆದಿದೆಯಾ ಅಂತ ವಿಚಾರಿಸಿಕೊಳ್ಳಿ. ದುರಸ್ತಿ ಅಂತ ಮುಚ್ಚಿರುವುದೂ ಉಂಟು.